ಅಂಗಡಿಯ ಮೆಟ್ಟಿಲು ಹತ್ತದ ಆಟಗಳು: ‘ಅಟಾರಿ 50’ ಸಂಗ್ರಹದ ವಿಮರ್ಶೆ

ಹಳೆಯ ವಿಡಿಯೊ ಗೇಮ್‌ಗಳನ್ನು ಸಂಗ್ರಹಿಸುವವರಲ್ಲಿ ಕೆಲವರಿಗೆ ಲಕ್ಷಗಟ್ಟಲೆ ಮಾರಾಟವಾದ ಆಟಗಳಿಗಿಂತ ಅಂಗಡಿಯ ಮೆಟ್ಟಿಲನ್ನೇ ಹತ್ತದೆ ಉಳಿದ ಪ್ರೊಟೊಟೈಪ್‌ಗಳ (ಪ್ರಾಯೋಗಿಕ ಮಾದರಿಗಳ) ಮೇಲೆ ಹೆಚ್ಚು ಮೋಹ. ನಾನೂ ಅವರಲ್ಲಿ ಒಬ್ಬ. ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಸಿದ್ಧಪಡಿಸಿ 2022ರ ನವೆಂಬರ್‌ನಲ್ಲಿ ಹೊರಬಂದ, ಅಮೆರಿಕದ ವಿಡಿಯೊ ಗೇಮ್ ಕಂಪನಿ ಅಟಾರಿಯ ಐವತ್ತು ವರ್ಷಗಳ ನೆನಪಿನ ‘ಅಟಾರಿ 50’ ಸಂಗ್ರಹವನ್ನು ನಾನು ನಿಂಟೆಂಡೊ ಸ್ವಿಚ್‌ನಲ್ಲಿ ಆಡಿದ್ದು ಮುಖ್ಯವಾಗಿ ಅದರೊಳಗಿನ ಬಿಡುಗಡೆಯಾಗದ ಆಟಗಳಿಗಾಗಿ.

ಅವುಗಳಲ್ಲಿ ಮೊದಲು ಹೇಳಬೇಕಾದದ್ದು 1982ರ ಆರ್ಕೇಡ್ ಆಟ (ನಾಣ್ಯ ಹಾಕಿ ಆಡುವ ಯಂತ್ರದ ಆಟ) ‘ಅಕ್ಕಾ ಆರ್’. ಪರೀಕ್ಷೆಗೆಂದು ಇಟ್ಟಾಗ ಆಡಿದವರಿಗೆ ತೀರಾ ಕಷ್ಟವೆನಿಸಿದ್ದರಿಂದ ಕೈಬಿಟ್ಟ ಈ ಆಟದ ಮೂರೇ ಯಂತ್ರಗಳು ಉಳಿದಿರುವುದು ತಿಳಿದಿದೆ; 2019ರಲ್ಲಿ ಅದರ ROM (ಯಂತ್ರದ ಚಿಪ್‌ಗಳಲ್ಲಿರುವ ಆಟದ ತಂತ್ರಾಂಶ) ಪ್ರತಿ ಅಂತರ್ಜಾಲಕ್ಕೆ ಬರುವವರೆಗೆ ಆ ಯಂತ್ರಗಳ ಮಾಲೀಕರು ಮತ್ತು ಅವರ ಸ್ನೇಹಿತರನ್ನು ಬಿಟ್ಟರೆ ಬೇರೆಯವರಿಗೆ ಅದು ಆಡಲು ಸಿಗುವುದು ಬಲು ಅಪರೂಪವಾಗಿತ್ತು. ನಡುವೆ ನಿಂತ ಕಾವಲುಗೋಪುರದ ಸುತ್ತಲಿನ ನೆಲ ತುಂಡುತುಂಡಾಗಿ ಹಂಚಿಹೋಗಿದ್ದು, ಶತ್ರುಗಳು ಯಾವ ತುಂಡಿನ ಮೇಲೆ ಬಂದಿದ್ದಾರೋ ಅದನ್ನು ಇಡಿಯಾಗಿ ಸ್ಫೋಟಿಸಬೇಕು. ನುಸುಳಿ ಒಳಗೆ ಬಂದವರನ್ನು ಎದುರಿಸಲು ಗುಂಡಿ ಒತ್ತಿ ಒಳವಲಯಕ್ಕೆ ಇಳಿಯಬೇಕು, ಆ ಹೊತ್ತಿನಲ್ಲಿ ಹೊರಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಎರಡು ಕಡೆಯೂ ಮನಸ್ಸಿಡಬೇಕಾದ ಈ ಒತ್ತಡವೇ ಆಟದ ಸೊಗಸು, ಅದು ಸೋತದ್ದಕ್ಕೆ ಕಾರಣವೂ ಬಹುಶಃ ಅದೇ. ಮೂಲದಲ್ಲಿ ಟ್ರ್ಯಾಕ್‌ಬಾಲ್‌ಗಾಗಿ (ಅಂಗೈಯಿಂದ ಉರುಳಿಸುವ ಚೆಂಡಿಗಾಗಿ) ರೂಪಿಸಿದ ಆಟವಾದ್ದರಿಂದ ಹೆಬ್ಬೆರಳಿನ ಕಡ್ಡಿಯಿಂದ ಆ ವೇಗ ಕೈಗೆ ಬರುವುದಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

1981ರ ‘ಮೇಜ್ ಇನ್ವೇಡರ್ಸ್’ ಕೂಡ ಇಲ್ಲಿದೆ. ಚೆಲುವಾಗಿದೆ, ಆದರೆ ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ.

ಈ ಆಟಗಳನ್ನು ಬರಿಯ ಪಟ್ಟಿಯಲ್ಲಿ ತುರುಕದೆ ಕಾಲಾನುಕ್ರಮದ ಕಥನದೊಳಗೆ, ಅವುಗಳ ಕಾಲದ ಕಾಗದಪತ್ರ, ಜಾಹೀರಾತು ಮತ್ತು ತಯಾರಕರ ಸಂದರ್ಶನಗಳ ಪಕ್ಕದಲ್ಲಿ ಇಟ್ಟಿರುವುದು ಈ ಸಂಗ್ರಹದ ನಿಜವಾದ ಹಿರಿಮೆ. ಏಕೆ ನಿಂತುಹೋಯಿತು ಎಂಬುದು ಗೊತ್ತಿಲ್ಲದೆ ಪ್ರೊಟೊಟೈಪ್ ಅನ್ನು ಆಡಿದರೆ ಅರ್ಧವೇ ದಕ್ಕುತ್ತದೆ. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುಬಿದ್ದದ್ದರ ಭಾಗವನ್ನು ಓದಿ ಬಂದ ಮೇಲೆ ಅದೇ ಪರದೆ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ನೇರವಾಗಿ ಆಟಗಳ ಪಟ್ಟಿಗೆ ಹೋಗದಿರಿ ಎಂದು ಒತ್ತಿ ಹೇಳುತ್ತೇನೆ. ಇನ್ನೊಂದು ಎಚ್ಚರಿಕೆಯೂ ಬೇಕು. ‘ಸ್ವೋರ್ಡ್‌ಕ್ವೆಸ್ಟ್’ ಸರಣಿಯ ನಾಲ್ಕನೆಯ ಕಂತಾದ ‘ಏರ್‌ವರ್ಲ್ಡ್’ ಅಂದು ಪೂರ್ಣಗೊಳ್ಳಲೇ ಇಲ್ಲ. ಇಲ್ಲಿರುವುದು ಇಂದಿನವರು ಹೊಸದಾಗಿ ಕಟ್ಟಿದ ಆಟ. ಸಂಗ್ರಹವೇ ಅದನ್ನು ಮರುಕಲ್ಪನೆಗಳ ಸಾಲಿನಲ್ಲಿ ಪ್ರತ್ಯೇಕವಾಗಿ ಇಟ್ಟಿರುವುದು ಪ್ರಾಮಾಣಿಕವಾದ ನಡೆ.

ಸಂಗ್ರಾಹಕನ ಹಸಿವು ಇಲ್ಲಿ ಪೂರ್ತಿ ತೀರದಿರುವುದಕ್ಕೆ ‘ಸ್ಯಾಬೋಟರ್’ ಒಳ್ಳೆಯ ಉದಾಹರಣೆ. ಹೊವಾರ್ಡ್ ಸ್ಕಾಟ್ ವಾರ್ಷಾ ಮನೆಯ ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಯಂತ್ರಕ್ಕೆ ಬರೆದ ಈ ಆಟ ಆಗ ಬಿಡುಗಡೆಯಾಗದೆ ಉಳಿದು, ಇಲ್ಲಿ ಆಡಲು ಸಿಗುತ್ತದೆ. ಆದರೆ ಅದನ್ನೇ ತಿದ್ದಿ ‘ದಿ ಎ-ಟೀಮ್’ ಟಿವಿ ಸರಣಿಯ ಆಟವಾಗಿಸಲು ನಡೆದ ಪ್ರಯತ್ನದ ಪ್ರೊಟೊಟೈಪ್ ಇಲ್ಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಯಾವ ಚಿತ್ರ ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ನೋಡುವುದರಲ್ಲೇ ಈ ಹವ್ಯಾಸದ ಸುಖವಿದೆ. ಪರರ ಹೆಸರು, ಪರರ ಪಾತ್ರಗಳ ಮೇಲೆ ನಿಂತ ಆಟವನ್ನು ಮತ್ತೆ ಮಾರಲು ಆ ಹಕ್ಕುದಾರರ ಒಪ್ಪಿಗೆ ಬೇಕಾಗುವುದರಿಂದ, ಅಂಥವು ಅಧಿಕೃತ ಸಂಗ್ರಹಗಳಿಗೆ ಸುಲಭವಾಗಿ ಬರುವುದಿಲ್ಲ. ಅವನ್ನು ಉಳಿಸಿಕೊಂಡು ಬಂದಿರುವುದು ಖಾಸಗಿ ಸಂಗ್ರಾಹಕರ ಪೆಟ್ಟಿಗೆಗಳು. ಪ್ರೊಟೊಟೈಪ್ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಇರುವ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ) ಚಿಪ್‌ನ ಗಾಜಿನ ಕಿಂಡಿಗೆ ಅಂಟಿಸಿದ ಕಾಗದ ಕಿತ್ತುಬಂದು ಅತಿನೇರಳೆ ಬೆಳಕು ತಾಗಿದರೆ, ಅಥವಾ ವರ್ಷಗಳು ಕಳೆದಂತೆ ಚಿಪ್‌ನೊಳಗಿನ ವಿದ್ಯುದಂಶ ಸೋರಿಹೋದರೆ, ಆಟ ಅಳಿಸಿಹೋಗುತ್ತದೆ. ಅಂಥ ಕಾರ್ಟ್ರಿಜ್ ಕೈಯಲ್ಲಿರುವವರು ಅದರ ಪ್ರತಿಯನ್ನು ಈಗಲೇ ತೆಗೆದಿಡಬೇಕು.