ಹಳೇ ಪೆಟ್ರೋಲ್ ಗಾಡಿಗೆ ಬದಲಿ ಫ್ಯುಯೆಲ್ ಪಂಪ್: ಮೋಟರ್ ಗಟ್ಟಿ, ಜೊತೆಗೆ ಬರುವ ಹೋಸ್ ನಂಬಬೇಡಿ

ಹಳೇ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳ ಟ್ಯಾಂಕಿನೊಳಗೆ ಕೂರುವ 3 ಬಾರ್ ಎಲೆಕ್ಟ್ರಿಕ್ ಪಂಪ್ ಇದು. ದೀರ್ಘಕಾಲ ಓಡಿದ ಮೇಲೂ ಒತ್ತಡ ಇಳಿದಿಲ್ಲ, ಸದ್ದು ಏರಿಲ್ಲ. ಹೊಸ ಪಂಪ್ ಹಾಕಿದ ಮೇಲೂ ಗಾಡಿ ಎಳೆಯುತ್ತಿಲ್ಲ ಎಂದರೆ ತಪ್ಪು ಬಹುಪಾಲು ಪಂಪಿನ ಸುತ್ತಮುತ್ತ ಇರುತ್ತದೆ. ವಾಪಸ್ ಕಳಿಸುವ ಮೊದಲು ಅಳೆದು ನೋಡಿ.

ಫ್ಯುಯೆಲ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ ಅಳೆಯುವ ಗೇಜ್ ಜೋಡಿಸಿ. ರಿಟರ್ನ್ ಲೈನ್ (ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪ್) ಇರುವ ಗಾಡಿಯಲ್ಲಿ ಐಡಲ್‌ಗೆ ಸಾಮಾನ್ಯವಾಗಿ 2.5 ಬಾರ್ ಆಸುಪಾಸು, ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿದರೆ 3 ಬಾರ್ ಹತ್ತಿರ ಬರಬೇಕು. ನಿಖರ ಅಂಕಿ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಕಳಚಿದ ಆ ಹೋಸಿನಲ್ಲಿ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ.

ಐಡಲ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ ಮುಳ್ಳು ಕೆಳಗಿಳಿದರೆ ಮೊದಲು ಫಿಲ್ಟರ್ ಬದಲಿಸಿ, ಆಮೇಲೆ ವೈರಿಂಗ್ ನೋಡಿ. ಪಂಪ್ ಓಡುತ್ತಿರುವಾಗಲೇ ಮೀಟರಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪಂಪ್ ಕನೆಕ್ಟರಿನ ಪಾಸಿಟಿವ್‌ಗೆ ಇಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತಿದೆ: ರಿಲೇ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕನೆಕ್ಟರ್ ಪಿನ್ ಕಪ್ಪಾಗಿರಬಹುದು. ಅರ್ತ್ ಕಡೆಯೂ ಹೀಗೇ ಅಳೆಯಿರಿ. ತುಕ್ಕು ಹಿಡಿದ ಅರ್ತ್ ಬೋಲ್ಟ್ ಒಂದೇ ಸಾಕು, ಎಂಥ ಒಳ್ಳೆಯ ಪಂಪೂ ಸೋಲುತ್ತದೆ.

ಕಿಟ್‌ನ ನಿಜವಾದ ದೋಷ ಪಂಪ್ ಮತ್ತು ಮೇಲಿನ ಪೈಪ್ ನಡುವಿನ ಗಿಡ್ಡ ಹೋಸ್. ಸದಾ ಪೆಟ್ರೋಲಿನಲ್ಲಿ ಮುಳುಗಿರಲು ಅದು ತಾಳುವುದಿಲ್ಲ: ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ ಸೀಳುತ್ತದೆ. ಸೋರಿದ್ದು ಟ್ಯಾಂಕಿನೊಳಗೇ ಬೀಳುವುದರಿಂದ ವಾಸನೆಯೂ ಇಲ್ಲ, ತೊಟ್ಟೂ ಕಾಣದು. ಪಂಪ್ ಗುಂಯ್‌ಗುಡುತ್ತಿದ್ದರೂ ಒತ್ತಡ ಮಾತ್ರ ಏರದು. ಎಸ್‌ಎಇ ಜೆ30 ಆರ್10 ಎಂದು ಅಚ್ಚಾಗಿರುವ ಹೋಸನ್ನೇ ಹಾಕಿ. ಹೊರಗಿನ ಫ್ಯುಯೆಲ್ ಹೋಸ್ ಒಳಗೆ ನಡೆಯದು.

ಬೆಳಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾದರೆ, ಕೀಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಪಂಪ್ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಿ. ಆಗ ತಟ್ಟನೆ ಎದ್ದರೆ ರಾತ್ರಿ ಒತ್ತಡ ಸೋರಿಹೋಗಿದೆ. ಎಂಜಿನ್ ಆಫ್ ಮಾಡಿದ ಕೂಡಲೇ ಟ್ಯಾಂಕಿನಿಂದ ಬರುವ ರಬ್ಬರ್ ಹೋಸ್ ಅದುಮಿ ಹಿಡಿಯಿರಿ (ನೈಲಾನ್ ಪೈಪ್ ಅದುಮಬೇಡಿ, ಸೀಳುತ್ತದೆ). ಗೇಜಿನ ಮುಳ್ಳು ಇಳಿಯದೆ ನಿಂತರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಅಥವಾ ಅದೇ ಗಿಡ್ಡ ಹೋಸ್ ಕಾರಣ. ರಿಟರ್ನ್ ಅದುಮಿದಾಗ ನಿಂತರೆ ರೆಗ್ಯುಲೇಟರ್. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬೇಕು.

ಟ್ಯಾಂಕ್ ತೆರೆಯುವ ಮೊದಲು ಲೈನಿನ ಒತ್ತಡ ಇಳಿಸಿ, ಬ್ಯಾಟರಿ ನೆಗೆಟಿವ್ ಕಳಚಿ. ಒಳಗೆ ತುಕ್ಕಿನ ಪುಡಿ ಇದ್ದರೆ ಟ್ಯಾಂಕ್ ತೊಳೆಯದೆ ಪಂಪ್ ಇಳಿಸಬೇಡಿ, ಪಂಪಿನ ಬಾಯಿಯ ಹೊಸ ಸ್ಟ್ರೇನರ್ (ಜಾಲರಿ) ಬೇಗನೆ ಕಟ್ಟಿಕೊಳ್ಳುತ್ತದೆ.

ಎಂಪಿಎಫ್‌ಐ ಗಾಡಿಗೆ ಧಾರಾಳವಾಗಿ ಕೊಳ್ಳಬಹುದು. ಕಾರ್ಬ್ಯುರೇಟರ್ ಗಾಡಿಗೆ ಮಾತ್ರ ಬೇಡವೇ ಬೇಡ: ಅದಕ್ಕೆ 0.2–0.3 ಬಾರ್ ಸಾಕು, ಈ ಒತ್ತಡಕ್ಕೆ ಪೆಟ್ರೋಲ್ ಒಳಬರುವುದನ್ನು ತಡೆಯುವ ನೀಡಲ್ ವಾಲ್ವ್ ಮುಚ್ಚಿಕೊಳ್ಳದೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಉಕ್ಕಬಹುದು.