ಅಜ್ಜನ 41 ಕ್ಯಾಸೆಟ್, ಒಂದು ಆಲ್ಬಮ್: ಪುತ್ತೂರಿನಲ್ಲಿ ಡಿಜಿಟಲ್ ಮಾಡಿಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತಾಳಮದ್ದಳೆಯ, ಅಂದರೆ ಕೂತು ಮಾತಾಡುವ ಯಕ್ಷಗಾನದ, ಹಳೆಯ ಕ್ಯಾಸೆಟ್ ಇದ್ದರೆ ಡಿಜಿಟಲ್ ಮಾಡಿಸಲು ಇವರ ಕೈಗೆ ಕೊಡಿ. ಪುತ್ತೂರು ಪೇಟೆಯಿಂದ ಸ್ವಲ್ಪ ಒಳಗೆ, ಮನೆಯ ಮುಂದಿನ ಕೋಣೆಯಲ್ಲೇ ಕೆಲಸ. ಬೋರ್ಡ್ ಇಲ್ಲ. ಗಂಡ ಹೆಂಡತಿ ಇಬ್ಬರೇ. ಈಗಾಗಲೇ ಕೈತುಂಬ ಕೆಲಸ ಇದೆ, ಹೆಸರು ಹಾಕಬೇಡಿ ಅಂದರು, ಹಾಗಾಗಿ ಹಾಕುತ್ತಿಲ್ಲ. ಆ ಕಡೆ ತಾಳಮದ್ದಳೆಗೆ ತಪ್ಪದೆ ಹೋಗುವ ಯಾರನ್ನಾದರೂ ಕೇಳಿ, ದಾರಿ ಹೇಳುತ್ತಾರೆ.

ನಮ್ಮ ಅಜ್ಜ ಅಡಿಕೆ ತೋಟದವರು. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲ ಪೂರ್ತಿ ಎಲ್ಲಿ ತಾಳಮದ್ದಳೆ ಕೂಟ ಇದ್ದರೂ ಟೇಪ್ ರೆಕಾರ್ಡರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊರಡುತ್ತಿದ್ದರು. ಪದ್ಯ ಹಾಡುವ ಭಾಗವತರ ಹತ್ತಿರವೇ ಜಾಗ ಹಿಡಿದು ಕೂರುತ್ತಿದ್ದರಂತೆ. ಅವರು ಬಿಟ್ಟುಹೋದದ್ದು 41 ಕ್ಯಾಸೆಟ್ ಮತ್ತು ಒಂದು ಫೋಟೊ ಆಲ್ಬಮ್.

ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ತಾಳಮದ್ದಳೆಯಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು. ಅರ್ಥ, ಅಂದರೆ ಪಾತ್ರದ ಮಾತು, ಅಲ್ಲೇ ಹುಟ್ಟುವುದು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು, ಎದುರಿಗೆ ಕೂತವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ. ಅರ್ಥ ಹೇಳುವ ಕಲಾವಿದರು, ಅಂದರೆ ಅರ್ಥಧಾರಿ, ಶೇಣಿ ಗೋಪಾಲಕೃಷ್ಣ ಭಟ್ಟರು ಇವತ್ತು ಹೇಳಿದ ವಾಲಿ ನಾಳೆ ಇನ್ನೊಂದು ಊರಿನಲ್ಲಿ ಅದೇ ವಾಲಿ ಆಗಿರುತ್ತಿರಲಿಲ್ಲ, ಯಾಕೆಂದರೆ ರಾಮನ ಅರ್ಥ ಹೇಳುವವರು ಬೇರೆ, ಅವರು ಎತ್ತುವ ಪ್ರಶ್ನೆ ಬೇರೆ. ಪ್ರಸಂಗದ, ಅಂದರೆ ಕಥೆಯ, ಪದ್ಯಗಳು ಅಚ್ಚಾಗಿವೆ, ಹಳೆಯ ಪ್ರಸಂಗಗಳನ್ನು ಯಕ್ಷವಾಹಿನಿ ಸಂಸ್ಥೆಯವರು ಡಿಜಿಟಲ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ಅರ್ಥಕ್ಕೆ ಅಂಥ ಪುಸ್ತಕ ಎಲ್ಲಿಂದ ಬರಬೇಕು? ಇನ್ನೊಬ್ಬ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರು ಹೋದದ್ದು 1984ರಲ್ಲಿ. ಶೇಣಿಯವರು 1918ರಲ್ಲಿ ಹುಟ್ಟಿ 2006ರಲ್ಲಿ ಹೋದರು. ಅವರು ಆಡಿದ ಎಷ್ಟೋ ಮಾತು ಈಗ ಉಳಿದಿದ್ದರೆ ಇಂಥ ಅಜ್ಜಂದಿರ ಕ್ಯಾಸೆಟ್‌ಗಳಲ್ಲಿ ಮಾತ್ರ. ನನ್ನ ಮಟ್ಟಿಗೆ ಅದು ಕನ್ನಡ ಸಾಹಿತ್ಯವೇ, ಅಚ್ಚಾಗಿಲ್ಲ ಅಷ್ಟೇ.

ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಗೆ ನಾಲ್ಕು ಕ್ಯಾಸೆಟ್ ಕೊಟ್ಟು ಕೈ ಸುಟ್ಟುಕೊಂಡಿದ್ದೆ. ಎರಡೇ ದಿನಕ್ಕೆ ಪೆನ್‌ಡ್ರೈವ್ ಕೊಟ್ಟರು. ಮನೆಗೆ ಬಂದು ಕೇಳಿದರೆ ಎಲ್ಲರೂ ನೀರೊಳಗಿಂದ ಮಾತಾಡಿದ ಹಾಗೆ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಆ ಕ್ಯಾಸೆಟ್ ಪೂರ್ತಿ ಇತ್ತು. ಅದನ್ನು ತೆಗೆಯಲು ಹೋಗಿ ಸ, ಶ ಅಕ್ಷರಗಳನ್ನೇ ತಿಂದುಹಾಕಿದ್ದರು, ಮದ್ದಳೆಯ ಗುಮುಕು ಕೂಡ ಹೋಗಿತ್ತು. ತೆಗೆಯುವ ಮೊದಲಿನ ಪ್ರತಿ ಕೊಡಿ ಅಂದರೆ ಇಟ್ಟುಕೊಂಡಿಲ್ಲ ಅಂದರು. ಅಜ್ಜನ ಕೈಬರಹದ ಚೀಟಿಗಳು ಎಲ್ಲಿ ಹೋದವೋ ಗೊತ್ತಿಲ್ಲ. ಎಲ್ಲ ಫೈಲಿನ ಹೆಸರೂ ಟ್ರ್ಯಾಕ್ 1, ಟ್ರ್ಯಾಕ್ 2.

ಪುತ್ತೂರಿನವರು ಹಾಗಲ್ಲ. ಚೀಲ ಬಿಚ್ಚಿದ ಕೂಡಲೇ ಯಂತ್ರಕ್ಕೆ ಹಾಕಲಿಲ್ಲ. ಎದುರಿಗೆ ಕೂರಿಸಿ, ಚಾ ಕೊಟ್ಟು, ಒಂದು ಉದ್ದ ಪುಸ್ತಕ ತೆಗೆದರು. “ಇದು ಎಲ್ಲಿಯ ಕೂಟ ಮಾರಾಯ್ರೇ? ಭಾಗವತರು ಯಾರು? ಮದ್ದಳೆಗೆ ಯಾರು?” ಒಂದೊಂದು ಕ್ಯಾಸೆಟ್‌ಗೂ ಇದೇ. ಅಜ್ಜ ಬರೆದದ್ದು ‘ವಾಲಿ, ಶೇಣಿ, ಜೋರು ಮಳೆ’ ಅಷ್ಟೇ. ನನಗೆ ಉತ್ತರ ಗೊತ್ತಿರಲಿಲ್ಲ. “ಗೊತ್ತಿರುವವರಿಗೆ ಫೋನ್ ಮಾಡಿ, ನಾವು ಕಾಯುತ್ತೇವೆ” ಅಂದರು. ದೊಡ್ಡಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಚಿಕ್ಕಪ್ಪನ ಮದುವೆ ಆದ ಮಳೆಗಾಲ, ನಮ್ಮ ಮನೆಯ ಜಗಲಿಯಲ್ಲೇ ಆದ ಕೂಟ ಅದು ಅಂದರು. ಅಂದರೆ 1982. ಹಾಗೆ ಒಂದಕ್ಕೆ ವರ್ಷ ಸಿಕ್ಕಿತು.

ರೇಡಿಯೊದಿಂದ ಹಿಡಿದದ್ದನ್ನು ಬೇರೆ ಇಟ್ಟರು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ, ಹಾಗಾಗಿ ಅದರಲ್ಲಿ ಬಂದದ್ದಾದರೆ ಅದಕ್ಕಿಂತ ಹಿಂದಿನದ್ದಾಗಿರಲು ಸಾಧ್ಯವಿಲ್ಲ ಅಂತ ಅಷ್ಟಾದರೂ ಗೊತ್ತಾಯಿತು. ರೇಡಿಯೊದ್ದಾದರೆ ಇನ್ನೊಂದು ಮನೆಯಲ್ಲೂ ಇದ್ದೀತು, ಜಗಲಿಯ ಕೂಟದ್ದಾದರೆ ಇದೊಂದೇ, ಅದು ಮೊದಲು ಅಂದರು. ಸರಿ ಅಲ್ವಾ?

ಆಮೇಲೆ ಕೆಲಸ ನೋಡಲು ಬಿಟ್ಟರು. ಬೂಷ್ಟು ಹಿಡಿದದ್ದನ್ನು ಬೇರೆ ಕೋಣೆಯಲ್ಲಿ ಬಿಚ್ಚುತ್ತಾರೆ, ಒಂದರಿಂದ ಇನ್ನೊಂದಕ್ಕೆ ಹಬ್ಬಬಾರದು ಅಂತ. ಚಿಪ್ಪು ಒಡೆದಿದ್ದರೆ ರೀಲನ್ನು ಹೊಸ ಚಿಪ್ಪಿಗೆ ದಾಟಿಸುತ್ತಾರೆ, ಹಳೆಯ ಚಿಪ್ಪನ್ನು ಚೀಟಿ ಸಮೇತ ವಾಪಸ್ ಕೊಡುತ್ತಾರೆ. ಪ್ಲೇಯರ್‌ನ ಹೆಡ್ಡಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅಜ್ಜನ ರೆಕಾರ್ಡರಿನ ಹೆಡ್ ಎಷ್ಟು ಓರೆ ಇತ್ತೋ ಅಷ್ಟೇ ಓರೆಗೆ ಇದನ್ನೂ ತಿರುಗಿಸಬೇಕು. ತಿರುಗಿಸುತ್ತಾ ಹೋದ ಹಾಗೆ, ಮಂಕಾಗಿದ್ದ ಮಾತು ಫಕ್ಕನೆ ತಿಳಿಯಾಯಿತು. ನನ್ನ ಕಿವಿಯಾರೆ ಕೇಳಿದೆ. ಆ ಇನ್ನೊಂದು ಅಂಗಡಿಯಲ್ಲಿ ಇದನ್ನು ಮುಟ್ಟಿಯೇ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಶ್ರುತಿಯ ವಿಷಯ. ಮಧ್ಯರಾತ್ರಿ ಕಳೆದ ಮೇಲೆ ಅಜ್ಜನ ರೆಕಾರ್ಡರಿನ ಬ್ಯಾಟರಿ ಇಳಿಯುತ್ತಿತ್ತು. ಬ್ಯಾಟರಿ ಇಳಿದರೆ ಟೇಪ್ ನಿಧಾನ ಓಡುತ್ತದೆ, ಅದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಮಾತು ಓಡೋಡಿ ಬರುತ್ತದೆ, ಸ್ವರ ಕೀರಲು. ಎಷ್ಟು ತಿದ್ದಬೇಕು ಅಂತ ಹೇಗೆ ಗೊತ್ತಾಗುವುದು? ಹಿಂದೆ ಶ್ರುತಿಪೆಟ್ಟಿಗೆ ನಡೆಯುತ್ತಿದೆಯಲ್ಲ! ಅದೇ ಭಾಗವತರು ಹಾಡುವಷ್ಟು ಹೊತ್ತು ಶ್ರುತಿ ಒಂದೇ ಇರಬೇಕು. ಅದು ಮೇಲೇರಿದ ಕಡೆಯೆಲ್ಲ ವೇಗ ತಗ್ಗಿಸುತ್ತಾ ಹೋದರು. ಶೇಣಿಯವರ ಸ್ವರ ಶೇಣಿಯವರದ್ದೇ ಆಯಿತು. ಕೇಳಿ ಕೂತಲ್ಲೇ ಕಣ್ಣು ತುಂಬಿತು.

ಎರಡು ಪ್ರತಿ ಕೊಡುತ್ತಾರೆ. ಒಂದು ಏನೂ ಮುಟ್ಟದ ಮೂಲ, 24 ಬಿಟ್, 48 ಕಿಲೋಹರ್ಟ್ಸ್. 90 ನಿಮಿಷದ ಕ್ಯಾಸೆಟ್ ಸ್ಟೀರಿಯೊದಲ್ಲಿ ಸುಮಾರು ಒಂದೂವರೆ ಜಿಬಿ ಆಗುತ್ತದೆ, ದೊಡ್ಡ ಹಾರ್ಡ್ ಡಿಸ್ಕೇ ತೆಗೆದುಕೊಂಡು ಹೋಗಿ. ಇನ್ನೊಂದು ತಿದ್ದಿದ ಪ್ರತಿ, ಎಂಪಿ3, ಫೋನಿನಲ್ಲಿ ಕೇಳಲು. ತಿದ್ದಿದ್ದರಲ್ಲೂ ಮಳೆಯ ಸದ್ದನ್ನು ಹಾಗೇ ಬಿಟ್ಟಿದ್ದಾರೆ. ಫೈಲಿನ ಹೆಸರಲ್ಲೇ ಪ್ರಸಂಗ, ಊರು, ವರ್ಷ, ಅರ್ಥಧಾರಿಗಳು ಎಲ್ಲ ಕನ್ನಡದಲ್ಲಿ.

ಒಂದು ಕ್ಯಾಸೆಟ್‌ನಲ್ಲಿ ಕೃಷ್ಣ ಸಂಧಾನ ಪ್ರಸಂಗದ ನಡುವೆ ಹತ್ತು ನಿಮಿಷ ಸಿನಿಮಾ ಹಾಡು ಇದೆ. ಕ್ಯಾಸೆಟ್‌ನ ಹಿಂದಿನ ಅಂಚಿನ ಪ್ಲಾಸ್ಟಿಕ್ ಚೂರು ಮುರಿಯದೆ ಬಿಟ್ಟರೆ ಯಾರು ಬೇಕಾದರೂ ಅದರ ಮೇಲೆ ರೆಕಾರ್ಡ್ ಮಾಡಬಹುದಿತ್ತು, ನಮ್ಮ ಮನೆಯ ಮಕ್ಕಳೇ ಮಾಡಿದ್ದು. ಆ ಹತ್ತು ನಿಮಿಷ ಇನ್ನು ಸಿಗುವುದಿಲ್ಲ. ನಿಮ್ಮ ಮನೆಯ ಕ್ಯಾಸೆಟ್‌ಗಳ ಆ ಚೂರನ್ನು ಇವತ್ತೇ ಮುರಿದುಬಿಡಿ.

ಫೋಟೊ ಕೆಲಸ ಹೆಂಡತಿಯದ್ದು. ಕಪ್ಪು ಹಾಳೆಯ ಆಲ್ಬಮ್, ಮೂಲೆ ಸಿಕ್ಕಿಸಿದ ಫೋಟೊಗಳು ಚೆನ್ನಾಗಿಯೇ ಇದ್ದವು. ಆಮೇಲಿನ ಅಂಟು ಹಾಳೆಯ ಆಲ್ಬಮ್ಮಿಗೆ ದಾಟಿಸಿದವೇ ಹಳದಿಯಾಗಿದ್ದು. ಕಿತ್ತು ತೆಗೆಯಲು ಹೋಗಲಿಲ್ಲ, ಹಾಳೆ ಸಮೇತ ಸ್ಕ್ಯಾನ್ ಮಾಡಿದರು. ಬಿಡಿ ಫೋಟೊಗಳ ಹಿಂಬದಿಯನ್ನೂ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡುತ್ತಾರೆ, ಹೆಸರು ಇರುವುದೇ ಅಲ್ಲಿ. ಹೊಸದಾಗಿ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ ಅಂದರು.

ತಕರಾರು ಇಲ್ಲ ಅಂತಲ್ಲ. ಮೂರೂವರೆ ತಿಂಗಳು ಹಿಡಿಯಿತು, ನಡುವೆ ನಾವಾಗಿ ಕೇಳದೆ ಸುದ್ದಿ ಕೊಡಲಿಲ್ಲ. ಕ್ಯಾಸೆಟ್‌ಗೆ 250 ರೂಪಾಯಿ ಕೆಲವರಿಗೆ ಜಾಸ್ತಿ ಅನ್ನಿಸಬಹುದು, ಆದರೆ 90 ನಿಮಿಷದ ಟೇಪ್ ಓಡಲು 90 ನಿಮಿಷ ಬೇಕೇ ಬೇಕು, ಯಾರೋ ಕೂತು ಕೇಳಲೇಬೇಕು, ಹಾಗಾಗಿ ನನಗೆ ಜಾಸ್ತಿ ಅನ್ನಿಸಲಿಲ್ಲ. ವಿಡಿಯೊ ಕ್ಯಾಸೆಟ್ ಮಾಡುವುದಿಲ್ಲ. ನಿಮ್ಮನ್ನು ಕೇಳದೆ ಪ್ರತಿ ಇಟ್ಟುಕೊಳ್ಳುವುದೂ ಇಲ್ಲ. ಯೂಟ್ಯೂಬಿಗೆ ಹಾಕುವುದಾದರೆ ಕಲಾವಿದರ ಮನೆಯವರನ್ನು ಒಮ್ಮೆ ಕೇಳಿ ಅಂತಲೂ ಹೇಳಿದರು, ನಾನು ಕೇಳುತ್ತಿದ್ದೇನೆ.

ಕೊಡುವವರು ಮಳೆ ಹಿಡಿಯುವ ಮೊದಲೇ ಕೊಡಿ. ಮನೆಯಲ್ಲಿ ಒಮ್ಮೆ ಹಾಕಿ ನೋಡೋಣ ಅಂತ ಸುಮ್ನೆ ಹಳೆಯ ಪ್ಲೇಯರಿಗೆ ತುರುಕಬೇಡಿ, ಸುತ್ತಿಕೊಂಡರೆ ಮುಗಿಯಿತು. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ 17ನೇ ಕ್ಯಾಸೆಟ್‌ನ ಭಾಗವತರು ಯಾರು ಅಂತ ಇನ್ನೂ ಸಿಕ್ಕಿಲ್ಲ, ಪುಸ್ತಕದಲ್ಲಿ ಆ ಸಾಲು ಖಾಲಿ ಇದೆ. ಬರುವ ಭಾನುವಾರ ದೊಡ್ಡಮ್ಮನನ್ನು ಕೂರಿಸಿ ಕೇಳಿಸುತ್ತೇನೆ.