ಡಿಜಿಟಲ್ ಬ್ಯಾಕ್‌ಡ್ರಾಪ್ ಪ್ಯಾಕ್: 2 ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಸ್ಟುಡಿಯೊದಲ್ಲಿ ಈ ಪ್ಯಾಕ್, ಅಂದರೆ ತೆಗೆದ ಫೋಟೊದ ಹಿಂದೆ ಕಂಪ್ಯೂಟರಿನಲ್ಲಿ ಕೂರಿಸುವ ಹಿನ್ನೆಲೆ ಚಿತ್ರಗಳ ಕಟ್ಟು, 2 ವರ್ಷದಿಂದ ಬಳಕೆಯಲ್ಲಿದೆ. ಒಟ್ಟು 200 ಜೆಪೆಗ್ ಫೈಲು. ಕೆಲಸಕ್ಕೆ ಬರುತ್ತಿರುವುದು ಸುಮಾರು 40. ಅವೆಲ್ಲ ಹಳೇ ಗೋಡೆ, ಕ್ಯಾನ್ವಾಸ್, ಮಸುಕು ಬಣ್ಣದ ಟೆಕ್ಸ್ಚರ್‌ಗಳು, ಅಂದರೆ ಬರೀ ಮೇಲ್ಮೈಯ ಚಿತ್ರಗಳು. ಅವಕ್ಕೆ 5ಕ್ಕೆ 4 ಕೊಡುತ್ತೇನೆ. ಅರಮನೆ ಮೆಟ್ಟಿಲು, ಹೂವಿನ ಕಮಾನುಗಳಿಗೆ 2 ಕೊಟ್ಟರೆ ಹೆಚ್ಚು.

ಮೆಟ್ಟಿಲು, ಕಮಾನಿನಂಥ ದೃಶ್ಯದ ಫೈಲುಗಳು ಕೈಕೊಡುವುದು ಬೆಳಕಿನಲ್ಲಿ. ಕಮಾನಿಗೆ ಎಡದಿಂದ ಬಿಸಿಲು ಬಿದ್ದಿದ್ದು ನಿಮ್ಮ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುವಾಗಿಸುವ ಸ್ಟುಡಿಯೊ ಲೈಟು) ಬಲಕ್ಕಿದ್ದರೆ, ಎಷ್ಟು ನಾಜೂಕಾಗಿ ಕತ್ತರಿಸಿದರೂ ಆಳು ಅಂಟಿಸಿದ ಹಾಗೇ ಕಾಣುತ್ತದೆ. ಕ್ಯಾಮೆರಾ ಎತ್ತರವೂ ಹೊಂದಬೇಕು. ಸೊಂಟದ ಮಟ್ಟದಿಂದ ತೆಗೆದ ಹಿನ್ನೆಲೆಗೆ ಕಣ್ಣಿನ ಮಟ್ಟದಿಂದ ತೆಗೆದವರನ್ನು ಕೂರಿಸಿದರೆ ಕಾಲು ನೆಲಕ್ಕೆ ಊರುವುದಿಲ್ಲ. ಆದ್ದರಿಂದ ಗಿರಾಕಿಯ ಕೈಲಿ ಫೈಲು ಮೊದಲು ಆರಿಸಿ, ಲೈಟು ಆಮೇಲೆ ಹಾಕಿ.

ಸೀಮಂತದ ಫೋಟೊಗೆ ಹಸಿರು ಪರದೆ ಕಟ್ಟಲೇಬೇಡಿ. ಹಸಿರು ಸೀರೆ, ಕೈತುಂಬ ಹಸಿರು ಗಾಜಿನ ಬಳೆ. ಕ್ರೋಮಾ ಕೀ, ಅಂದರೆ ಒಂದು ಬಣ್ಣವನ್ನು ಅಳಿಸಿ ಅಲ್ಲಿ ಹಿನ್ನೆಲೆ ತುಂಬುವ ವಿಧಾನ, ಪರದೆಯ ಜೊತೆ ಬಳೆಯನ್ನೂ ತಿಂದುಹಾಕಿ ಮಣಿಕಟ್ಟಿನ ಮೇಲೆ ಗೋಡೆಯ ಬಣ್ಣ ಇಣುಕುತ್ತದೆ. ಬೇರೆ ಬಣ್ಣದ ಸೀರೆಯಾದರೂ ಜರಿ ಅಂಚಿಗೆ ಹಸಿರು ಛಾಯೆ ಹತ್ತುತ್ತದೆ.

ನಾವು ಬಳಸುವುದು ಬೂದು ಪರದೆ. ಆಳನ್ನು ಪರದೆಯಿಂದ 5-6 ಅಡಿ ಮುಂದೆ ನಿಲ್ಲಿಸಿ, ಪರದೆಗೆ ಬೇರೆ ಲೈಟು ಹಾಕಿ, ಫೋಟೊಶಾಪ್‌ನಲ್ಲಿ ಪರದೆಯ ಬಣ್ಣದ ಅಂಕಿ (0 ಕಪ್ಪು, 255 ಬಿಳುಪು) 128ರ ಆಸುಪಾಸು ಬರುವಂತೆ ಹೊಂದಿಸಿಕೊಳ್ಳಿ. ಟೆಕ್ಸ್ಚರ್ ಫೈಲನ್ನು ಮೇಲಿನ ಲೇಯರ್ ಮಾಡಿ ಓವರ್‌ಲೇ ಮೋಡ್ (ಮೇಲಿನ ಲೇಯರನ್ನು ಕೆಳಗಿನದರ ಜೊತೆ ಬೆರೆಸುವ ಒಂದು ಬಗೆ) ಕೊಡಿ. ನಡುಬೂದಿನ ಮೇಲೆ ಓವರ್‌ಲೇ ಹಾಕಿದಾಗ ಟೆಕ್ಸ್ಚರ್ ಇದ್ದ ಹಾಗೇ ಮೂಡುತ್ತದೆ. ಕಪ್ಪು ಕಪ್ಪಾಗಿಯೇ, ಬಿಳುಪು ಬಿಳುಪಾಗಿಯೇ ಉಳಿಯುತ್ತದೆ. ಹಾಗಾಗಿ ಹಾರುವ ಕೂದಲೆಳೆ, ಜಡೆಗೆ ಮುಡಿದ ಮಲ್ಲಿಗೆಯ ಅಂಚನ್ನು ಒಂದೊಂದಾಗಿ ಕತ್ತರಿಸುವ ಕೆಲಸವಿಲ್ಲ. ಮುಖ, ಮೈ, ಸೀರೆಯ ಮೇಲಿನ ಟೆಕ್ಸ್ಚರನ್ನು ಮಾತ್ರ ಮಾಸ್ಕ್‌ನಲ್ಲಿ (ಲೇಯರಿನ ಬೇಡದ ಭಾಗ ಮರೆಮಾಡುವ ಸಾಧನ) ಮೆದು ಬ್ರಷ್‌ನಿಂದ ಒರೆಸಿ. ಪರದೆ ತೀರಾ ಕಪ್ಪಾಗಿ ಇಲ್ಲವೇ ತೀರಾ ಬಿಳಿಯಾಗಿ ಬಂದಿದ್ದರೆ ಇದು ಕೆಡುತ್ತದೆ, ಟೆಕ್ಸ್ಚರೇ ಕಾಣುವುದಿಲ್ಲ.

ಪ್ಯಾಕಿನ ಇನ್ನೊಂದು ಕೊರತೆ ಅಳತೆ. ಫೈಲಿನ ಉದ್ದ 4000 ಪಿಕ್ಸೆಲ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 12x18 ಇಂಚಿನ ಪ್ರಿಂಟಿಗೇ 5400 ಬೇಕು, 12x36 ಆಲ್ಬಮ್ ಹಾಳೆಗೆ 10800. ಮಸುಕು ಟೆಕ್ಸ್ಚರ್ ಹಿಗ್ಗಿಸಿದರೂ ತಡೆಯುತ್ತದೆ, ಇಟ್ಟಿಗೆ ಗೋಡೆ ಒಡೆದುಹೋಗುತ್ತದೆ. ಬಣ್ಣ ನಿಧಾನಕ್ಕೆ ತಿಳಿಯಾಗುವ ಫೈಲುಗಳಲ್ಲಿ ಪ್ರಿಂಟು ತೆಗೆದಾಗ ಪಟ್ಟೆ ಪಟ್ಟೆ ಏಳುತ್ತದೆ. ಫೈಲನ್ನು 16 ಬಿಟ್‌ಗೆ (ಬಣ್ಣದ ಹೆಚ್ಚು ಹಂತಗಳಿರುವ ಬಗೆ) ಬದಲಿಸಿ 1-2 ಶೇಕಡಾ ನಾಯ್ಸ್, ಅಂದರೆ ಸಣ್ಣ ಚುಕ್ಕೆಗಳ ಕಣ, ಸೇರಿಸಿದರೆ ಹೋಗುತ್ತದೆ. ಆಳಿನ ಫೋಟೊದ ಕಣಕ್ಕೂ ಹಿನ್ನೆಲೆ ಹೊಂದಿಕೊಳ್ಳುತ್ತದೆ.

ಕಲ್ಲಿನ ಹಿನ್ನೆಲೆಗಂತೂ ಪ್ಯಾಕಿಗೆ ದುಡ್ಡು ಹಾಕಬೇಡಿ. ಮೋಡ ಕವಿದ ಬೆಳಿಗ್ಗೆ ಚಿತ್ರದುರ್ಗದ ಕೋಟೆಗೆ ಹೋಗಿ, ಗೋಡೆಗೆ ನೇರವಾಗಿ ನಿಂತು 50 ಎಂಎಂ ಲೆನ್ಸಿನಲ್ಲಿ, ಎಫ್ 8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ನಾಲ್ಕೈದು ಫ್ರೇಮ್ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ತೆಗೆದು ಜೋಡಿಸಿ. ಬಿಸಿಲಿಲ್ಲದ ಕಲ್ಲಿಗೆ ನೆರಳಿನ ದಿಕ್ಕು ಇರುವುದಿಲ್ಲ, ಸ್ಟುಡಿಯೊದ ಲೈಟು ಯಾವ ಕಡೆಯಿದ್ದರೂ ಒಗ್ಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಟ್ರೈಪಾಡಿಗೆ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಿರಿ.